ಎರಡು ಸಲ ಬಿದ್ದರೂ ಎಲ್ಲರಿಗಿಂತ ಎತ್ತರ: ಬೋವೆ ಕೆಥೆಡ್ರಲ್ ನಿಂತಿರುವುದು ಹೇಗೆ?

ಫ್ರಾನ್ಸ್‌ನ ಬೋವೆ ಊರಿನ ಸೇಂಟ್ ಪಿಯೆರ್ ಕೆಥೆಡ್ರಲ್ ಕಟ್ಟಲು ಶುರು ಮಾಡಿ ಎಂಟುನೂರು ವರ್ಷ ಆಯಿತು. ಇನ್ನೂ ಮುಗಿದಿಲ್ಲ, ಮುಗಿಯುವುದೂ ಇಲ್ಲ. ಪೂರ್ವದ ಕಡೆ ಬಲಿಪೀಠ ಇರುವ ಭಾಗ ಇದೆ. ಅದನ್ನು ಕೋಯರ್ ಅನ್ನುತ್ತಾರೆ. ಅದರ ಎಡಕ್ಕೂ ಬಲಕ್ಕೂ ಚಾಚಿದ ಎರಡು ತೋಳುಗಳಿವೆ. ಜನ ಸೇರುವ ಉದ್ದನೆಯ ಸಭಾಂಗಣ ಮಾತ್ರ ಇಲ್ಲ. ಅದು ಶುರುವಾಗಬೇಕಾದ ಕಡೆ ಒಂದು ಗೋಡೆ ಎದ್ದಿದೆ. ಗೋಡೆಯ ಆಚೆ ಹತ್ತನೇ ಶತಮಾನದ ಪುಟ್ಟ ಹಳೇ ಚರ್ಚ್‌ನ ಒಂದು ಭಾಗ ಹಾಗೇ ಕೂತಿದೆ. ಅದನ್ನು ಕೆಡವಿ ಹೊಸದನ್ನು ಮುಂದಕ್ಕೆ ತರಬೇಕು ಅಂತ ಲೆಕ್ಕ ಇತ್ತು. ಹೊಸದು ಅಲ್ಲಿವರೆಗೆ ಬರಲೇ ಇಲ್ಲ, ಹಳೆಯದು ಬಚಾವಾಯಿತು.

ಹೀಗೆ ಅರ್ಧಕ್ಕೆ ನಿಂತ ಚರ್ಚ್‌ನ ಒಳಛಾವಣಿ ನೆಲದಿಂದ ಸುಮಾರು 48 ಮೀಟರ್, ಅಂದರೆ ಹತ್ತಿರ ಹತ್ತಿರ 157 ಅಡಿ ಎತ್ತರದಲ್ಲಿದೆ. ಗಾಥಿಕ್ ಚರ್ಚ್‌ಗಳಲ್ಲಿ ಇಷ್ಟು ಎತ್ತರದ ಕೋಯರ್ ಬೇರೆಲ್ಲೂ ಇಲ್ಲ.

ಇದು ಎರಡು ಸಲ ಬಿದ್ದಿದೆ. 1284ರಲ್ಲಿ ಛಾವಣಿ ಬಿತ್ತು, 1573ರಲ್ಲಿ ಗೋಪುರ ಬಿತ್ತು. ಅತಿ ಆಸೆಪಟ್ಟು ಮುಗಿಲು ಮುಟ್ಟಲು ಹೋದರು, ದೇವರು ಕೆಳಗೆ ಕೆಡವಿದ ಅನ್ನುವ ಧಾಟಿಯಲ್ಲೇ ಈ ಕಥೆಯನ್ನು ಸಾಮಾನ್ಯವಾಗಿ ಹೇಳುತ್ತಾರೆ. ಎರಡನೇ ಸಲಕ್ಕೆ ಆ ಮಾತು ಸುಮಾರಾಗಿ ಒಪ್ಪುತ್ತದೆ. ಮೊದಲನೇ ಸಲಕ್ಕೆ ಒಪ್ಪುವುದಿಲ್ಲ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳಬೇಕಾದರೆ ಗಾಥಿಕ್ ಕಟ್ಟಡ ನಿಲ್ಲುವ ಬಗೆ ಮೊದಲು ಗೊತ್ತಾಗಬೇಕು.

ಕಮಾನು ಒದೆಯುತ್ತದೆ

ಕಲ್ಲು ಒತ್ತಿದರೆ ತಡೆದುಕೊಳ್ಳುತ್ತದೆ, ಎಳೆದರೆ ಬಿರಿಯುತ್ತದೆ. ಬೇಲೂರಿನಲ್ಲೋ ಹಂಪಿಯಲ್ಲೋ ಕಂಬದಿಂದ ಕಂಬಕ್ಕೆ ಕಲ್ಲಿನ ತೊಲೆ ಇಟ್ಟಿರುವುದನ್ನು ನೋಡಿರುತ್ತೀರಿ. ಮೇಲಿನಿಂದ ಭಾರ ಬಿದ್ದಾಗ ತೊಲೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಅದರ ಅಡಿಭಾಗ ಎಳೆತಕ್ಕೆ ಸಿಕ್ಕುತ್ತದೆ. ತೊಲೆ ಉದ್ದವಾದಷ್ಟೂ ಎಳೆತ ಜಾಸ್ತಿ, ಕೊನೆಗೆ ಅಡಿಯಿಂದ ಬಿರುಕು ಬಿಡುತ್ತದೆ. ಹಾಗಾಗಿ ತೊಲೆ ಹಾಕಿ ಕಟ್ಟುವ ಕಡೆ ಕಂಬಗಳು ಹತ್ತಿರ ಹತ್ತಿರವೇ ಇರಬೇಕು.

ಕಮಾನಿನಲ್ಲಿ ಈ ತಾಪತ್ರಯ ಇಲ್ಲ. ಅಲ್ಲಿ ಒಂದು ಕಲ್ಲು ಪಕ್ಕದ ಕಲ್ಲನ್ನು ಒತ್ತುತ್ತದೆ, ಎಳೆತದ ಮಾತೇ ಬರುವುದಿಲ್ಲ. ಆದರೆ ಬೇರೆ ತಲೆನೋವಿದೆ. ಇಬ್ಬರು ಹುಡುಗರು ಎದುರುಬದುರು ನಿಂತು, ಅಂಗೈಗೆ ಅಂಗೈ ಕೊಟ್ಟು ಒಬ್ಬರ ಮೇಲೊಬ್ಬರು ವಾಲಿಕೊಂಡರೆ ಅದೇ ಒಂದು ಕಮಾನು. ನೆಲ ಒರಟಾಗಿದ್ದರೆ ನಿಲ್ಲುತ್ತಾರೆ. ನುಣುಪಾಗಿದ್ದರೆ ಕಾಲು ಹಿಂದಕ್ಕೆ ಜಾರಿ ಇಬ್ಬರೂ ಬೀಳುತ್ತಾರೆ. ಕಮಾನು ಕೂಡ ಹೀಗೇ ತನ್ನ ಬುಡವನ್ನು ಹೊರಕ್ಕೆ ಒದೆಯುತ್ತಿರುತ್ತದೆ. ಕಟ್ಟಡ ಇರುವಷ್ಟು ಕಾಲ ಈ ಒದೆತ ನಿಲ್ಲುವುದಿಲ್ಲ.

ಒದೆತವನ್ನು ತಡೆಯುವ ಸುಲಭದ ದಾರಿ ದಪ್ಪ ಗೋಡೆ. ವಿಜಯಪುರದ ಗೋಳಗುಮ್ಮಟದ ಗೋಡೆಗಳು ಸುಮಾರು 3 ಮೀಟರ್ ದಪ್ಪ ಇವೆಯಲ್ಲ, ಅದು ಸುಮ್ನೆ ಅಲ್ಲ. ಗಾಥಿಕ್ ಮೇಸ್ತ್ರಿಗಳಿಗೆ ಈ ದಾರಿ ಬೇಕಿರಲಿಲ್ಲ. ಅವರಿಗೆ ಗೋಡೆಯೇ ಬೇಡವಾಗಿತ್ತು. ಗೋಡೆಯ ಜಾಗದಲ್ಲಿ ಬಣ್ಣದ ಗಾಜು ಬೇಕು, ಒಳಗೆ ಬೆಳಕು ತುಂಬಬೇಕು. ಪ್ಯಾರಿಸ್‌ನ ಪಕ್ಕದ ಸೇಂಟ್ ಡೆನಿ ಮಠದ ಮುಖ್ಯಸ್ಥ ಸುಜೇ ತನ್ನ ಚರ್ಚ್‌ಗೆ ಹೊಸ ಕೋಯರ್ ಕಟ್ಟಿಸಿ 1144ರಲ್ಲಿ ಪ್ರತಿಷ್ಠೆ ಮಾಡಿಸಿದ. ಗಾಥಿಕ್ ಶೈಲಿ ಶುರುವಾದದ್ದು ಅಲ್ಲಿಂದ ಅಂತ ಸಾಮಾನ್ಯವಾಗಿ ಲೆಕ್ಕ. ನಮ್ಮ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್ ಇದೇ ಶೈಲಿಯನ್ನು ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಅದಕ್ಕೆ ಜರ್ಮನಿಯ ಕಲೋನ್ ಕೆಥೆಡ್ರಲ್ ಮಾದರಿ ಅನ್ನುತ್ತಾರೆ. ಕಲೋನ್‌ಗೆ ಮಾದರಿ ಫ್ರಾನ್ಸ್‌ನ ಆಮಿಯೆನ್. ಈ ಆಮಿಯೆನ್ ಬೋವೆಯ ಪಕ್ಕದ ಊರು, ಪೈಪೋಟಿಯ ಊರು ಕೂಡ.

ಗೋಡೆ ಇಲ್ಲದೆ ಕಮಾನು ನಿಲ್ಲಿಸಲು ಅವರು ಮೂರು ಉಪಾಯಗಳನ್ನು ಒಟ್ಟು ಮಾಡಿದರು. ಮೂರೂ ಅದಕ್ಕಿಂತ ಮುಂಚೆ ಬೇರೆ ಬೇರೆ ಕಡೆ ಇದ್ದವು, ಜೊತೆಗೆ ಸೇರಿಸಿದ್ದೇ ಇವರ ಜಾಣತನ.

ಮೊದಲನೆಯದು ಚೂಪು ಕಮಾನು. ಅರ್ಧವೃತ್ತದ ಕಮಾನಿಗಿಂತ ಇದು ಎತ್ತರ, ಹಾಗಾಗಿ ಭಾರವನ್ನು ಹೆಚ್ಚು ಕೆಳಕ್ಕೆ, ಕಡಿಮೆ ಹೊರಕ್ಕೆ ಕಳಿಸುತ್ತದೆ. ಇನ್ನೊಂದು ಅನುಕೂಲ ಇದೆ. ಅರ್ಧವೃತ್ತದಲ್ಲಿ ಅಗಲ ಎಷ್ಟೋ ಎತ್ತರ ಅದಕ್ಕೆ ಕಟ್ಟುಬಿದ್ದಿರುತ್ತದೆ. ಚೂಪು ಕಮಾನಿನಲ್ಲಿ ಹಾಗಿಲ್ಲ. ಅಗಲದ್ದೂ ಕಿರಿದಾದದ್ದೂ ಒಂದೇ ಎತ್ತರಕ್ಕೆ ಬರುವಂತೆ ಮಾಡಬಹುದು.

ಎರಡನೆಯದು ಪಕ್ಕೆಲುಬಿನ ಛಾವಣಿ. ನಾಲ್ಕು ಕಂಬಗಳ ನಡುವಿನ ಚೌಕದ ಮೇಲೆ ಮೂಲೆಯಿಂದ ಮೂಲೆಗೆ ಕಲ್ಲಿನ ಪಕ್ಕೆಲುಬುಗಳು ಹಾಯುತ್ತವೆ. ನಡುವಿನ ಸಂದುಗಳನ್ನು ತೆಳುವಾದ ಕಲ್ಲಿನಿಂದ ತುಂಬುತ್ತಾರೆ. ಕಟ್ಟುವಾಗ ಇದರಿಂದ ತುಂಬಾ ಉಪಯೋಗ. ಇಡೀ ಛಾವಣಿಗೆ ಮರದ ಸೆಂಟ್ರಿಂಗ್ ಬೇಕಾಗಿಲ್ಲ. ಮೊದಲು ಪಕ್ಕೆಲುಬುಗಳಿಗಷ್ಟೇ ಗಟ್ಟಿ ಸೆಂಟ್ರಿಂಗ್ ಹಾಕಿ ಕಟ್ಟಿದರೆ, ಮಿಕ್ಕಿದ್ದನ್ನು ಹಗುರ ಆಸರೆಯಲ್ಲಿ ತುಂಬಬಹುದು. ಭಾರವೆಲ್ಲ ಗೋಡೆಯುದ್ದಕ್ಕೂ ಹರಡದೆ ನಾಲ್ಕು ಮೂಲೆಗೆ ಬಂದು ಇಳಿಯುತ್ತದೆ. ಮಧ್ಯದ ಗೋಡೆಗೆ ಕೆಲಸವೇ ಇಲ್ಲ, ತೆಗೆದು ಗಾಜು ಹಾಕಿ.

ಈಗ ಆ ನಾಲ್ಕು ಮೂಲೆಗಳಲ್ಲಿ ಒದೆತವನ್ನು ಯಾರಾದರೂ ಹಿಡಿಯಬೇಕಲ್ವಾ? ಅದಕ್ಕೆ ಮೂರನೆಯ ಉಪಾಯ, ಫ್ಲೈಯಿಂಗ್ ಬಟ್ರೆಸ್. ಚರ್ಚ್‌ನ ಹೊರಗೆ, ಪಕ್ಕದ ಸಾಲುಗಳಿಗೂ ಆಚೆ, ದೊಡ್ಡ ಕಲ್ಲಿನ ಕಂಬ ನಿಲ್ಲಿಸುತ್ತಾರೆ. ಅಲ್ಲಿಂದ ಗಾಳಿಯಲ್ಲಿ ಒಂದು ಅರ್ಧ ಕಮಾನು ಹಾರಿಬಂದು ಛಾವಣಿಯ ಬುಡಕ್ಕೆ ಆನಿಕೊಳ್ಳುತ್ತದೆ. ಒದೆತ ಅದರ ಮೂಲಕ ಹೊರಗಿನ ಕಂಬಕ್ಕೆ, ಅಲ್ಲಿಂದ ಪಾಯಕ್ಕೆ ಹೋಗುತ್ತದೆ. ಒಳಗೆ ನಿಂತವರಿಗೆ ಇದ್ಯಾವುದೂ ಕಾಣುವುದಿಲ್ಲ. ಗಾಜು, ಬೆಳಕು, ತೆಳು ಕಂಬ ಇಷ್ಟೇ ಕಾಣುವುದು. ಕಷ್ಟದ ಕೆಲಸವೆಲ್ಲ ಹೊರಗೆ, ಮಳೆ ಗಾಳಿಯಲ್ಲಿ ನಡೆಯುತ್ತಿರುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಕಲ್ಲಿನ ಛಾವಣಿಯೇ ಯಾಕೆ ಅಂತ ಕೇಳಬಹುದು. ಬೆಂಕಿ. ಮೇಲೆ ಮರದ ಮಾಡು, ಅದರ ಕೆಳಗೆ ಕಲ್ಲಿನ ಕಮಾನು, ಹೀಗೆ ಎರಡು ಪದರ. 2019ರಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್ ಹೊತ್ತಿ ಉರಿದದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಮರದ ಮಾಡು ಪೂರ್ತಿ ಹೋಯಿತು, ಕಲ್ಲಿನ ಛಾವಣಿಯ ಬಹುಪಾಲು ನಿಂತಿತು. ಒಳಗಿನದ್ದು ಉಳಿದದ್ದು ಅದರಿಂದ.

ಬಿಷಪ್ಪನ ಹಠ, ರಾಜನ ಸಿಟ್ಟು

ಬೋವೆಯಲ್ಲೂ ಕಥೆ ಬೆಂಕಿಯಿಂದಲೇ ಶುರು. 1225ರಲ್ಲಿ ಹಳೇ ಚರ್ಚ್‌ಗೆ ಬೆಂಕಿ ಬಿತ್ತು. ಆಗಿನ ಬಿಷಪ್ ಮಿಲೋನ್ ದ ನಾಂತೇ. ಈತ ಬರೀ ಬಿಷಪ್ ಅಲ್ಲ, ಊರಿನ ಒಡೆಯನೂ ಹೌದು, ರಾಜ್ಯದ ದೊಡ್ಡ ಸಾಮಂತರಲ್ಲಿ ಒಬ್ಬ. ಬೋವೆ ಉಣ್ಣೆ ಬಟ್ಟೆಯ ವ್ಯಾಪಾರದಿಂದ ದುಡ್ಡು ಕಂಡ ಊರು. ಬಿಷಪ್ ಮತ್ತು ಚರ್ಚ್‌ನ ಪಾದ್ರಿಗಳು ಹತ್ತು ವರ್ಷ ತಮ್ಮ ವರಮಾನದ ಹತ್ತರಲ್ಲಿ ಒಂದು ಪಾಲನ್ನು ಕಟ್ಟಡಕ್ಕೆ ಕೊಡುವುದಾಗಿ ಒಪ್ಪಿಕೊಂಡರು.

ಅದು ಎತ್ತರದ ಪೈಪೋಟಿಯ ಕಾಲ. ಪ್ಯಾರಿಸ್‌ನ ನೋತ್ರ್ ದಾಮ್ ಒಳಛಾವಣಿ ಸುಮಾರು 33 ಮೀಟರ್. ಶಾರ್ತ್ರ್ 37ಕ್ಕೆ ಹೋಯಿತು, ರ‍್ಯಾಂಸ್ 38ಕ್ಕೆ. ಬೋವೆಗಿಂತ ಐದು ವರ್ಷ ಮುಂಚೆ, 1220ರಲ್ಲಿ ಶುರುವಾದ ಆಮಿಯೆನ್ 42 ದಾಟಿತು. ಹತ್ತಿರದ ಊರು ಹೀಗೆ ಮಾಡಿದ ಮೇಲೆ ಬೋವೆಯವರು ಸುಮ್ಮನಿರುವುದು ಹೇಗೆ?

ಆದರೆ ಕೆಲಸ ಸಲೀಸಾಗಿ ಸಾಗಲಿಲ್ಲ. 1233ರಲ್ಲಿ ಊರಿನಲ್ಲಿ ದಂಗೆ ಎದ್ದಿತು. ರಾಜ ಹೊರಗಿನವನೊಬ್ಬನನ್ನು ತಂದು ಮೇಯರ್ ಮಾಡಿದ್ದೇ ಅದಕ್ಕೆ ಕಾರಣ. ಒಂಬತ್ತನೇ ಲೂಯಿ ಖುದ್ದಾಗಿ ಬಂದು ದಂಗೆಯನ್ನು ಅಡಗಿಸಿದ. ನನ್ನ ಊರಿನಲ್ಲಿ ಶಿಕ್ಷೆ ಕೊಡಲು ನೀನು ಯಾರು ಅಂತ ಬಿಷಪ್ ತಿರುಗಿಬಿದ್ದ. ರಾಜ ಬಿಷಪ್ಪನ ವರಮಾನಕ್ಕೇ ಕೈಹಾಕಿದ. ಮುಂದಿನ ವರ್ಷ ಮಿಲೋನ್ ತೀರಿಕೊಂಡ. ಕೆಲಸ ನಿಂತು, ಮತ್ತೆ ಶುರುವಾಗಿ, ಮೂರು ನಾಲ್ಕು ಬಿಷಪ್ಪರು ಬದಲಾದರು, ಮೇಸ್ತ್ರಿಗಳೂ ಬದಲಾದರು. ಕೆಳಗಿನ ಭಾಗವನ್ನು ಒಬ್ಬರು ಯೋಚಿಸಿದ್ದು, ಮೇಲಿನ ಭಾಗವನ್ನು ಇನ್ನೊಬ್ಬರು ಮುಗಿಸಿದ್ದು. ಕೆಳಗೆ ಲೆಕ್ಕ ಹಾಕಿದ್ದಕ್ಕಿಂತ ಮೇಲೆ ಕಟ್ಟಿದ್ದು ಜಾಸ್ತಿ ಎತ್ತರ ಆಯಿತು ಅಂತ ಕೆಲವು ಇತಿಹಾಸಕಾರರ ವಾದ. 1272ರಲ್ಲಿ ಕೋಯರ್ ಮುಗಿಯಿತು.

1284: ಬಿದ್ದದ್ದು ಯಾಕೆ?

ಹನ್ನೆರಡು ವರ್ಷ ಗಟ್ಟಿಯಾಗಿ ನಿಂತಿತ್ತು. 1284ರ ನವೆಂಬರ್ 29ರಂದು ಕೋಯರ್‌ನ ನೇರ ಭಾಗದ ಛಾವಣಿ ಕುಸಿಯಿತು. ಹೊರಗಿನ ಕೆಲವು ಕಂಬಗಳೂ ಮುರಿದವು. ಪೂರ್ವದ ತುದಿಯ ದುಂಡನೆಯ ಭಾಗಕ್ಕೆ ಏನೂ ಆಗಲಿಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅದೇ ಎತ್ತರದ ಛಾವಣಿ, ಅದೇ ಮೇಸ್ತ್ರಿಗಳ ಕೆಲಸ. ಒಂದು ಕಡೆ ಬಿತ್ತು, ಒಂದು ಕಡೆ ನಿಂತಿತು. ವ್ಯತ್ಯಾಸ ಏನಪ್ಪಾ ಅಂದರೆ, ದುಂಡು ಭಾಗದಲ್ಲಿ ಕಂಬಗಳು ಒತ್ತೊತ್ತಾಗಿವೆ, ನೇರ ಭಾಗದಲ್ಲಿ ಅವುಗಳ ಮಧ್ಯೆ ಅಂತರ ತುಂಬಾ ಜಾಸ್ತಿ ಇತ್ತು. ಎತ್ತರವೊಂದೇ ಕಾರಣ ಅನ್ನುವ ಮಾತು ಇಲ್ಲೇ ಸಡಿಲವಾಗುತ್ತದೆ.

ಪಾಯ ಕುಸಿಯಿತು, ಗಾರೆ ಸರಿಯಾಗಿ ಒಣಗಿರಲಿಲ್ಲ ಅಂತೆಲ್ಲ ನೂರಾರು ವರ್ಷ ಮಾತು ನಡೆಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಹಳೇ ಕಟ್ಟಡಗಳ ದುರಸ್ತಿಗೆ ಹೆಸರಾದ ವಿಯೊಲೆ ಲ ದುಕ್, ಮೇಲಿನ ಜೋಡಿ ತೆಳುಕಂಬಗಳ ಕಡೆ ಬೆರಳು ತೋರಿಸಿದ. ಸುಣ್ಣದ ಗಾರೆ ನಿಧಾನಕ್ಕೆ ಒಣಗಿ ಕುಗ್ಗುತ್ತಾ ಬಂದಾಗ ಭಾರವೆಲ್ಲ ಆ ತೆಳುಕಂಬಗಳ ಮೇಲೆ ಬಿದ್ದು ಅವು ಮುರಿದವು ಅಂತ ಅವನ ವಾದ. ಕಲ್ಲು ಭಾರ ತಡೆಯಲಾರದೆ ಪುಡಿಯಾಯಿತು ಅನ್ನುವುದಂತೂ ಸುಳ್ಳು. ಕೇಂಬ್ರಿಡ್ಜ್‌ನ ಎಂಜಿನಿಯರ್ ಜಾಕ್ ಹೇಮನ್ ಲೆಕ್ಕ ಹಾಕಿ ತೋರಿಸಿದಂತೆ, ಇಂಥ ಚರ್ಚ್‌ಗಳ ಕಂಬದ ಮೇಲಿನ ಒತ್ತಡ ಕಲ್ಲಿನ ಶಕ್ತಿಯ ಒಂದು ಸಣ್ಣ ಪಾಲು ಮಾತ್ರ. ತೊಂದರೆ ಬರುವುದು ಕಲ್ಲಿನ ಬಲದಲ್ಲಲ್ಲ, ಸಮತೋಲದಲ್ಲಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ರಾಬರ್ಟ್ ಮಾರ್ಕ್ ಮಾಡಿದ ಪ್ರಯೋಗ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಆತ ಚರ್ಚ್‌ನ ಅಡ್ಡ ಸೀಳಿನ ಆಕಾರವನ್ನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿದ. ಕಂಬ, ಕಮಾನು, ಬಟ್ರೆಸ್ ಎಲ್ಲ ಸರಿಯಾದ ಅಳತೆಯಲ್ಲಿ. ಅದಕ್ಕೆ ಅಲ್ಲಲ್ಲಿ ತೂಕ ನೇತುಹಾಕಿದ. ಛಾವಣಿಯ ಭಾರಕ್ಕೆ ಒಂದು ಬಗೆ, ಪಕ್ಕದಿಂದ ನೂಕುವ ಗಾಳಿಗೆ ಇನ್ನೊಂದು ಬಗೆ. ಆಮೇಲೆ ಮಾದರಿಯನ್ನು ಒಲೆಯಲ್ಲಿ ಕಾಯಿಸಿ, ತೂಕ ಹಾಗೇ ಇರುವಾಗ ನಿಧಾನಕ್ಕೆ ತಣಿಸಿದ. ಹೀಗೆ ಮಾಡಿದರೆ ಒಳಗಿನ ಒತ್ತಡಗಳು ಪ್ಲಾಸ್ಟಿಕ್‌ನಲ್ಲೇ ಉಳಿದುಬಿಡುತ್ತವೆ. ಧ್ರುವೀಕರಿಸಿದ ಬೆಳಕಿನಲ್ಲಿಟ್ಟು ನೋಡಿದರೆ ಅವು ಬಣ್ಣದ ಪಟ್ಟೆಗಳಾಗಿ ಕಾಣುತ್ತವೆ. ಪಟ್ಟೆ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಒತ್ತಡ ಜಾಸ್ತಿ.

ಬೋವೆಯಲ್ಲಿ ಪ್ರತಿ ಬಟ್ರೆಸ್ ಒಂದೇ ನೆಗೆತಕ್ಕೆ ಹೊರಗಿನ ಕಂಬವನ್ನು ಮುಟ್ಟುವುದಿಲ್ಲ. ನಡುವೆ ಒಂದು ತೆಳುವಾದ ಕಂಬದ ಮೇಲೆ ಕಾಲೂರಿ ಮುಂದೆ ಹೋಗುತ್ತದೆ. ಮಾರ್ಕ್ ಮತ್ತು ಜೊತೆಗಾರರು 1976ರಲ್ಲಿ ಪ್ರಕಟಿಸಿದ ಪ್ರಕಾರ, ಎಡವಟ್ಟು ಇದ್ದದ್ದು ಈ ನಡುವಿನ ಕಂಬದಲ್ಲಿ. ಬಿರುಗಾಳಿ ಬೀಸಿದಾಗ ಅದು ಬಾಗಿ, ಒಂದು ಮಗ್ಗುಲಿನಲ್ಲಿ ಎಳೆತ ಹುಟ್ಟುತ್ತಿತ್ತು. ಕಲ್ಲೇ ಎಳೆತ ತಡೆಯದು, ಕಲ್ಲುಗಳ ನಡುವಿನ ಸುಣ್ಣದ ಗಾರೆಯಂತೂ ಇನ್ನೂ ಮೆದು. ಒಂದು ಬಿರುಗಾಳಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಅದರೊಳಗೆ ಮಳೆ ನೀರು. ಮುಂದಿನ ಗಾಳಿಗೆ ಇನ್ನಷ್ಟು. ಹನ್ನೆರಡು ವರ್ಷ ಹೀಗೆ ನಡೆದರೆ? ಕಟ್ಟಿದ ಕೂಡಲೇ ಬೀಳದೆ ಹನ್ನೆರಡು ವರ್ಷ ಆದಮೇಲೆ ಯಾಕೆ ಬಿತ್ತು ಅನ್ನುವುದಕ್ಕೂ ಇದರಲ್ಲಿ ಉತ್ತರ ಇದೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ, ಚರ್ಚೆ ನಡೆದೇ ಇದೆ. ಆದರೆ ಹದಿಮೂರನೇ ಶತಮಾನದ ಮೇಸ್ತ್ರಿಗೆ ಗಾಳಿಯ ಒತ್ತಡವನ್ನು ಲೆಕ್ಕ ಹಾಕುವ ದಾರಿಯೇ ಇರಲಿಲ್ಲ. ಹಿಂದಿನ ಕಟ್ಟಡ ನಿಂತಿದೆ, ಇದೂ ನಿಲ್ಲುತ್ತದೆ ಅನ್ನುವುದೊಂದೇ ಅವನ ಲೆಕ್ಕ. ಇದನ್ನು ಅಹಂಕಾರ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಬಿದ್ದ ಮೇಲೆ ಅವರು ಎತ್ತರವನ್ನು ಇಳಿಸಲಿಲ್ಲ. ಇದು ಗಮನಿಸಬೇಕಾದ ಸಂಗತಿ. ಅದೇ 48 ಮೀಟರ್‌ಗೆ ಮತ್ತೆ ಕಟ್ಟಿದರು. ಬದಲಿಸಿದ್ದು ಅಂತರವನ್ನು. ಎರಡು ಕಂಬಗಳ ನಡುವೆ ಹೊಸದೊಂದು ಕಂಬ ಎಬ್ಬಿಸಿದರು. ಛಾವಣಿಯ ಒಂದೊಂದು ಅಂಕಣದಲ್ಲಿ ನಾಲ್ಕು ಭಾಗ ಇದ್ದದ್ದು ಆರು ಭಾಗ ಆಯಿತು. ಆರು ಭಾಗದ ಛಾವಣಿ ಆ ಹೊತ್ತಿಗೆ ನೂರು ವರ್ಷ ಹಳೆಯ ಫ್ಯಾಷನ್, ಯಾರೂ ಹೊಸದಾಗಿ ಕಟ್ಟುತ್ತಿರಲಿಲ್ಲ. ಇವರಿಗೆ ಫ್ಯಾಷನ್‌ಗಿಂತ ಛಾವಣಿ ನಿಲ್ಲುವುದು ಮುಖ್ಯವಾಗಿತ್ತು. ಇವತ್ತಿಗೂ ಕೋಯರ್‌ನ ಕಂಬಸಾಲನ್ನು ಸರಿಯಾಗಿ ನೋಡಿದರೆ ಕಿರಿದಾದ ಎರಡು ಕಮಾನುಗಳ ಮೇಲೆ, ಗೋಡೆಯೊಳಗೆ, ಮೊದಲಿದ್ದ ಅಗಲ ಕಮಾನಿನ ಗೆರೆ ಕಾಣಿಸುತ್ತದೆ. ಮೇಲೆ ಛಾವಣಿವರೆಗೂ ಸಣ್ಣ ಸಣ್ಣ ಕಮಾನುಗಳು ಒತ್ತಾಗಿ ಏರುತ್ತವೆ. ಇದರಿಂದ ಎತ್ತರ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ದುರಸ್ತಿಯಿಂದ ಚರ್ಚ್ ಚೆಂದವೇ ಆಯಿತು ಅಂತ ಹೇಳಿದರೆ ತಪ್ಪಲ್ಲ.

ದುರಸ್ತಿ ಮುಗಿಯುವಷ್ಟರಲ್ಲಿ ಹದಿನಾಲ್ಕನೇ ಶತಮಾನದ ನಡುಭಾಗ ಹತ್ತಿರ ಬಂದಿತ್ತು. ಆಮೇಲೆ ಇಂಗ್ಲೆಂಡಿನ ಜೊತೆ ನೂರು ವರ್ಷಗಳ ಯುದ್ಧ, ಪ್ಲೇಗ್. ನೂರೈವತ್ತು ವರ್ಷ ಯಾರೂ ಕಲ್ಲು ಮುಟ್ಟಲಿಲ್ಲ.

1573: ಇದು ಮಾತ್ರ ಬೇಕಂತಲೇ

1500ರಲ್ಲಿ ಕೆಲಸ ಮತ್ತೆ ಶುರುವಾಯಿತು. ಈ ಸಲ ಅಡ್ಡ ತೋಳುಗಳು. ಮಾರ್ಟಿನ್ ಶಾಂಬಿಜ್ ಆಗಿನ ಕಾಲದ ದೊಡ್ಡ ಮೇಸ್ತ್ರಿ, ಸಾನ್ಸ್ ಮತ್ತು ತ್ರುವಾ ಊರಿನ ಕೆಥೆಡ್ರಲ್‌ಗಳಲ್ಲೂ ಕೆಲಸ ಮಾಡಿದವನು. 1532ರಲ್ಲಿ ಅವನು ಸತ್ತ ಮೇಲೂ ಕೆಲಸ ಮುಂದುವರಿದು 1548ರ ಹೊತ್ತಿಗೆ ತೋಳುಗಳು ಮುಗಿದವು. ದಕ್ಷಿಣದ ಬಾಗಿಲ ಕಡೆಯ ಕೆತ್ತನೆ ಬೆಂಕಿಯ ನಾಲಿಗೆಗಳ ಹಾಗೆ ಬಳುಕುತ್ತಾ ಏರುತ್ತದೆ. ಗಾಥಿಕ್ ಶೈಲಿಯ ಕೊನೆಗಾಲದ ಸೊಗಸು ಇದು.

ಈಗ ಮುಂದಿನ ಕೆಲಸ ಸಭಾಂಗಣ. ಅದರ ಅಗತ್ಯ ಬರೀ ಜನ ಕೂರುವುದಕ್ಕಲ್ಲ. ಕೋಯರ್ ಮತ್ತು ತೋಳುಗಳು ಸೇರುವ ನಟ್ಟನಡುವೆ ನಾಲ್ಕು ದೊಡ್ಡ ಕಂಬಗಳಿವೆ. ಪೂರ್ವದಲ್ಲಿ ಕೋಯರ್ ಆನಿಕೊಟ್ಟಿದೆ, ಉತ್ತರ ದಕ್ಷಿಣದಲ್ಲಿ ತೋಳುಗಳು ಆನಿಕೊಟ್ಟಿವೆ. ಪಶ್ಚಿಮದಲ್ಲಿ ಏನೂ ಇಲ್ಲ. ಸಭಾಂಗಣ ಬಂದರೆ ಆ ಕಡೆಯ ಆಸರೆ ಸಿಗುತ್ತದೆ. ಆದರೆ ಪಾದ್ರಿಗಳು ಸಭಾಂಗಣ ಬಿಟ್ಟು ಗೋಪುರಕ್ಕೆ ಕೈಹಾಕಿದರು, ಅದೂ ಆ ನಾಲ್ಕು ಕಂಬಗಳ ತಲೆಯ ಮೇಲೇ. ಕೆಳಗೆ ಕಲ್ಲಿನ ಅಂತಸ್ತುಗಳು, ಮೇಲೆ ಮರದ ಚೂಪು ಶಿಖರ. 1569ರಲ್ಲಿ ಮುಗಿದಾಗ ಎತ್ತರ 153 ಮೀಟರ್, ಅಂದರೆ ಸುಮಾರು 502 ಅಡಿ. ಇಂಗ್ಲೆಂಡಿನ ಲಿಂಕನ್ ಕೆಥೆಡ್ರಲ್‌ನ ಶಿಖರ ಅದಕ್ಕೂ ಮೊದಲೇ ಬಿದ್ದಿತ್ತು. ಹಾಗಾಗಿ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡ ಅನ್ನುವ ಹೆಸರು ಬೋವೆಗೆ ಬಂತು.

ಹೆಸರು ನಾಲ್ಕು ವರ್ಷವೂ ಉಳಿಯಲಿಲ್ಲ. ಕಂಬಗಳು ಆಸರೆ ಇಲ್ಲದ ಪಶ್ಚಿಮದ ಕಡೆಗೇ ವಾಲತೊಡಗಿದವು. ಪರಿಣತ ಮೇಸ್ತ್ರಿಗಳು ಬಂದು ನೋಡಿದರು, ಅಳೆದರು, ತಕ್ಷಣ ಸಭಾಂಗಣದ ಒಂದೆರಡು ಅಂಕಣವಾದರೂ ಕಟ್ಟಿ ಅಂದರು. ಪಾದ್ರಿಗಳು ಮೀನಮೇಷ ಎಣಿಸಿದರು. 1573ರ ಏಪ್ರಿಲ್ 30, ಯೇಸುವಿನ ಸ್ವರ್ಗಾರೋಹಣದ ಹಬ್ಬ. ಜನ ಮೆರವಣಿಗೆಯಲ್ಲಿ ಹೊರಗೆ ಹೋಗಿದ್ದರು. ಅವರು ಹೊರಟ ಸ್ವಲ್ಪ ಹೊತ್ತಿಗೆ ಗೋಪುರ ಕುಸಿದುಬಿತ್ತು. ಒಬ್ಬರ ಜೀವವೂ ಹೋಗಲಿಲ್ಲ. ನೇತಾಡುತ್ತಿದ್ದ ಕಲ್ಲುಗಳನ್ನು ಕೆಡವಲು ಯಾರೂ ಮುಂದೆ ಬರದೆ, ಕೊನೆಗೆ ಮರಣದಂಡನೆಯಾದ ಒಬ್ಬ ಕೈದಿಗೆ ಕ್ಷಮೆಯ ಆಸೆ ತೋರಿಸಿ ಹತ್ತಿಸಿದರು ಅನ್ನುವ ಕಥೆಯೂ ಇದೆ.

ಮೊದಲ ಸಲದ ಮೇಸ್ತ್ರಿಗೆ ಗೊತ್ತಿರಲಿಲ್ಲ. ಈ ಸಲ ಗೊತ್ತಿದ್ದವರು ಹೇಳಿದ್ದರು. ದುಡ್ಡೂ ಇತ್ತು, ಖರ್ಚು ಮಾಡಿದ್ದು ಬೇರೆ ಕಡೆ. ಅತಿ ಆಸೆಯ ಮಾತನ್ನು ಹೇಳುವುದಾದರೆ ಇಲ್ಲಿ ಹೇಳಬೇಕು.

ಗೋಪುರ ಬಿದ್ದ ಜಾಗಕ್ಕೆ ಮರದ ಛಾವಣಿ ಹಾಕಿದರು. ಸಭಾಂಗಣದ ಒಂದೇ ಒಂದು ಅಂಕಣ ಕಟ್ಟುವಷ್ಟರಲ್ಲಿ ಕೈ ಖಾಲಿಯಾಯಿತು. 1600ರ ಸುಮಾರಿಗೆ ಗೋಡೆ ಎಬ್ಬಿಸಿ ಬಾಗಿಲು ಹಾಕಿದರು. ಆಮಿಯೆನ್ ಉದ್ದ 145 ಮೀಟರ್, ಬೋವೆಯದ್ದು ಅದರ ಅರ್ಧ.

ಈಗ ಹೇಗಿದೆ

1940ರ ಜೂನ್‌ನಲ್ಲಿ ಜರ್ಮನ್ ವಿಮಾನಗಳು ಬಾಂಬ್ ಹಾಕಿ ಹಳೇ ಊರನ್ನು ಸುಟ್ಟವು. ಸುತ್ತ ಎಲ್ಲ ನೆಲಸಮ, ಕೆಥೆಡ್ರಲ್ ನಿಂತಿತ್ತು. ಗಾಳಿ ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಬಟ್ರೆಸ್‌ಗಳನ್ನು ಒಂದಕ್ಕೊಂದು ಬಿಗಿಯಲು ಹಳಬರು ಕಬ್ಬಿಣದ ಸಲಾಕೆಗಳನ್ನು ಹಾಕಿದ್ದರು. ನೋಡಲು ಚೆನ್ನಾಗಿಲ್ಲ, ಬೇಕಾಗಿಯೂ ಇಲ್ಲ ಅಂತ 1960ರ ದಶಕದಲ್ಲಿ ಅವುಗಳನ್ನು ತೆಗೆದರು. ಗಾಳಿಗೆ ಕೋಯರ್ ಓಲಾಡುವುದು ಜಾಸ್ತಿಯಾಯಿತು. ಆಮೇಲೆ ಅವಸರದಲ್ಲಿ ಉಕ್ಕಿನವನ್ನು ಹಾಕಬೇಕಾಯಿತು. ಉಕ್ಕು ಹಳೇ ಕಬ್ಬಿಣದಷ್ಟು ಬಳುಕುವುದಿಲ್ಲ, ಅದರಿಂದ ಕಟ್ಟಡ ಬಿಗಿಯಾಗಿ ಹೊಸ ಬಿರುಕುಗಳು ಬಂದಿರಬಹುದು ಅಂತ ಒಂದು ಗುಮಾನಿ. 1990ರ ದಶಕದಲ್ಲಿ ತೋಳುಗಳ ಒಳಗೂ ಮರದ ದಿಮ್ಮಿ, ಉಕ್ಕಿನ ಊರೆಗಳನ್ನು ಕೊಟ್ಟರು. ಒಳಗೆ ಹೋದ ಕೂಡಲೇ ಕಣ್ಣಿಗೆ ಹೊಡೆಯುವುದು ಅವೇ. ಆಮೇಲೆ ಲೇಸರ್ ಸ್ಕ್ಯಾನ್ ಮಾಡಿ ಇಡೀ ಕಟ್ಟಡದ ಅಳತೆ ತೆಗೆದರು.

ಯುರೋಪಿನಲ್ಲಿ ಇರುವವರು, ಕಡಿಮೆ ದರದ ವಿಮಾನದಲ್ಲಿ ಓಡಾಡುವವರು ಬೋವೆಗೆ ಬಂದು ಇಳಿದಿರಬಹುದು. ಪ್ಯಾರಿಸ್ ಹೆಸರು ಹೊತ್ತ ಒಂದು ವಿಮಾನ ನಿಲ್ದಾಣ ಇರುವುದು ಇಲ್ಲೇ. ಮುಕ್ಕಾಲು ಪಾಲು ಜನ ಇಳಿದ ಕೂಡಲೇ ಪ್ಯಾರಿಸ್ ಬಸ್ ಹತ್ತುತ್ತಾರೆ. ಅರ್ಧ ದಿನ ಕೈಯಲ್ಲಿದ್ದರೆ ಊರೊಳಗೆ ಹೋಗಿ. ಒಳಗೆ ಒಂದು ಖಗೋಳ ಗಡಿಯಾರ ಇದೆ. 1860ರ ದಶಕದಲ್ಲಿ ಓಗುಸ್ತ್ ಲೂಸಿಯೆನ್ ವೆರಿತೆ ಮಾಡಿದ್ದು, 52 ಮುಖಗಳು, ಸುಮಾರು 90,000 ಬಿಡಿಭಾಗಗಳು. ಎಲ್ಲರೂ ಅದರ ಮುಂದೆ ಗುಂಪುಗೂಡುತ್ತಾರೆ. ಅದನ್ನೂ ನೋಡಿ. ಆದರೆ ಮೊದಲು ಕೋಯರ್ ನಡುವೆ ನಿಂತು ಗೋಡೆಯೊಳಗಿನ ಹಳೇ ಕಮಾನಿನ ಗೆರೆ ಹುಡುಕಿ. ಆಮೇಲೆ ಹೊರಗೆ ಬಂದು ಪೂರ್ವದ ಕಡೆ ಸುತ್ತುಹಾಕಿ, ಬಟ್ರೆಸ್‌ಗಳ ನಡುವೆ ನಿಂತಿರುವ ತೆಳು ಕಂಬಗಳು ಎಲ್ಲಿವೆ ನೋಡಿ. ಸಲಾಕೆಗಳೂ ಅಲ್ಲೇ ಕಾಣುತ್ತವೆ.